ರುದ್ರಮ್ಮ ಒಪ್ಪದ ಪಿಸ್ತೂಲು

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಕುಡುಗೋಲಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ, ಪಕ್ಕದ ಮನೆಯ ರುದ್ರಮ್ಮನ ಈಳಿಗೆಮಣೆಯೊಂದನ್ನು ಬಿಟ್ಟು. ಅವಳು ಆ ದಿನ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾಳೆ. ತಾಂಡವಪುರದ ಜನ ಅದಕ್ಕೂ ಕತೆ ಕಟ್ಟಿದ್ದಾರೆ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರೋಣ!

ಅವಳ ಒಬ್ಬನೇ ಮಗ ಅಮೃತೇಶ್ ಮೈಸೂರು ರಸ್ತೆಯಲ್ಲಿ ಸೈಟು ಮಾರಿಸುವವನು. ಹೋದ ವರ್ಷ ಯಾರೋ ಫೋನಿನಲ್ಲಿ ಜೀವ ತೆಗೆಯುತ್ತೇವೆಂದು ಬೆದರಿಸಿದರಂತೆ. ಪಿಸ್ತೂಲು ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕೆಂದು ಅರ್ಜಿ ಹಾಕಿದ. ಸುದ್ದಿ ಕೇಳಿದ ರುದ್ರಮ್ಮ ನಮ್ಮ ಹಿತ್ತಿಲಿಗೆ ಬಂದು ಕುಸಿದು ಕೂತಳು.

"ಮಲ್ಲಾಜಕ್ಕ, ಆ ಸದ್ದು ಇನ್ನೂ ನನ್ನ ಕಿವೀಲೈತೆ. ಈಗ ಇವ್ನೇ ಅದ್ನ ಮನೆಗೆ ತತ್ತಾವ್ನೆ."

"ಬ್ಯಾಡ ಅನ್ನೇ."

"ಯಾಕೆ ಅಂದ್ರೆ ಏನ್ ಏಳ್ಲಿ?"

ಎಷ್ಟೋ ವರ್ಷದ ಹಿಂದಿನ ಆ ಆಯುಧಪೂಜೆಯ ದಿನ ಅವರ ಪಡಸಾಲೆಯಲ್ಲಿ ನಾನೂ ಇದ್ದೆ. ಅವಳ ಗಂಡ ಶಿವಮಲ್ಲಪ್ಪ ಕಾಡುಹಂದಿಯಿಂದ ಬೆಳೆ ಕಾಯಲು ಹೊಲಕ್ಕೆ ಹೋದವನು, ಗುಂಡು ತುಂಬಿದ್ದ ಕೋವಿಯನ್ನು ಹಾಗೇ ತಂದು ಪೂಜೆಯ ಮಣೆಯ ಮೇಲೆ ಮಲಗಿಸಿದ್ದ. ನೇಗಿಲು, ಮಚ್ಚು, ಕೋವಿ, ಎಲ್ಲ ಒಂದೇ ಸಾಲು. ನಾಲ್ಕು ವರ್ಷದ ಅಮೃತೇಶನ ಕೈಗೆ ಕುಂಕುಮದ ಬಟ್ಟಲು ಕೊಟ್ಟು "ಎಲ್ಲಕ್ಕೂ ಬೊಟ್ಟಿಡು ಮಗ" ಎಂದವಳು ಇವಳೇ. ಮಗು ಒಂದನ್ನೂ ಬಿಡಲಿಲ್ಲ. ಗುಂಡು ಹಾರಿಸಲು ಒತ್ತುವ ಕೋವಿಯ ಕುದುರೆಗೂ ಬೆರಳೊತ್ತಿ ಬೊಟ್ಟಿಟ್ಟಿತು. ಎದುರಿಗೆ ಬೂದುಗುಂಬಳಕಾಯಿ ಇಡಲು ಬಗ್ಗಿದ್ದ ಶಿವಮಲ್ಲಪ್ಪ ಮತ್ತೆ ಮೇಲೇಳಲಿಲ್ಲ.

ಕೋವಿ ಜಾರಿ ಬಿದ್ದು ಸಿಡಿಯಿತು ಎಂದೆವು. ಪೊಲೀಸರೂ ಹಾಗೆಯೇ ಬರೆದುಕೊಂಡರು. ಮಗುವನ್ನು ಅವಳು ತಗಡೂರಿನ ತವರಿನಲ್ಲಿ ಬಿಟ್ಟಳು. ಅದು ಎಲ್ಲವನ್ನೂ ಮರೆತ ಮೇಲೆಯೇ ಕರೆತಂದಳು.

ಅರ್ಜಿ ಹಾಕಿದರೆ ಪೊಲೀಸರು ಮನೆಗೇ ವಿಚಾರಣೆಗೆ ಬರುತ್ತಾರೆ. ದಫೇದಾರರು ಬಂದು ಜಗಲಿಯಲ್ಲಿ ಕೂತರು, ನೆರೆಯವಳೆಂದು ನನ್ನನ್ನೂ ಕರೆಸಿದರು. ಅಮೃತೇಶ್ ಕಾಫಿ ತಂದುಕೊಟ್ಟ.

"ಮನೆಯೋರ್ದು ಏನಾರ ತಕರಾರು ಐತೇನವ್ವ?"

"ಐತೆ ಸಾ," ಎಂದು ರುದ್ರಮ್ಮ ಎದ್ದು ನಿಂತಳು. "ಆವತ್ತು ಕೋವಿ ಜಾರಿ ಬೀಳ್ನಿಲ್ಲ. ಪೂಜೆಗೆ ಅಂತ ನಾನು ಒದ್ದೆ ಬಟ್ಟೇಲಿ ಒರೆಸ್ತಿದ್ದೆ. ಕುದುರೆ ಒತ್ತಿದ್ದು ನನ್ನ ಕೈ. ನನ್ನ ಗಂಡನ್ನ ಕೊಂದ ಕೈ ಇದು. ಈ ಕೈ ಇರೋ ಮನೆಗೆ ಇನ್ನೊಂದು ಕೋವಿ ಬ್ಯಾಡ."

ಅಯ್ಯೋ ಶಿವನೇ! ಸುಳ್ಳು ಸುಳ್ಳು ಎಂದು ಕೂಗಿಕೊಳ್ಳಬೇಕೆನಿಸಿತು. ಅವಳು ನನ್ನತ್ತ ತಿರುಗಿ ನೋಡಿದ ನೋಟಕ್ಕೆ ಹೆದರಿ ಸುಮ್ಮನಾದೆ.

ದಫೇದಾರರು ಹಳೆಯದನ್ನು ಕೆದಕದೆ ತಕರಾರನ್ನಷ್ಟೇ ಬರೆದುಕೊಂಡು ಹೋದರು. ಅಮೃತೇಶ್ ಅರ್ಜಿ ವಾಪಸು ತೆಗೆದುಕೊಂಡ. ಅಂದಿನಿಂದ ತಾಯಿಯ ಕೈಯಡುಗೆಯನ್ನೂ ಮುಟ್ಟುತ್ತಿಲ್ಲ. ನಂಜನಗೂಡಿನ ಹೋಟೆಲಿನಲ್ಲಿ ಉಂಡು ಬರುತ್ತಾನೆ. ಎದುರಿಗೆ ಅವಳು ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಅವಳು ಮಾತ್ರ ದಿನವೂ ಅವನಿಗೆಂದು ಮುದ್ದೆ ಕಟ್ಟಿ ಮುಚ್ಚಿಡುತ್ತಾಳೆ.

"ಎಷ್ಟು ದಿನ ಅಂತ ಸಾಯ್ತೀಯೇ? ನಿಜ ಏನು ಅಂತ ನಾನೇ ಏಳ್ಬುಡ್ತೀನಿ," ಎಂದು ಮೊನ್ನೆ ರೇಗಿದೆ.

ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಬ್ಯಾಡ ಕಣಕ್ಕ. ನನ್ನ ಕೈ ಕಂಡ್ರೆ ಎದ್ದು ಓಯ್ತಾನೆ. ತನ್ನ ಕೈ ಬುಟ್ಟು ಅವ್ನು ಎಲ್ಲಿಗೆ ಓದಾನು?"