ಆ್ಯಪಿನಲ್ಲಿ ಕೊನೆಗೆ ನಿಂತ ಗೌರಿ

ಕೆಂಗೇರಿಗೆ ಮೆಟ್ರೊ ಬಂದ ಮರುವರ್ಷ ನಾನು ಅಲ್ಲಿನ ಪಶು ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದೆ. ಹೆಸರಿಗೆ ನಗರವಾದರೂ ಹಳೇ ಊರಿನ ಒಳಬೀದಿಗಳಲ್ಲಿ, ಬಾಡಿಗೆ ಕಟ್ಟಡಗಳ ಹಿಂದೆ, ಇನ್ನೂ ಕೊಟ್ಟಿಗೆಗಳಿದ್ದವು. ಆ ಹಸುಗಳ ದಾಖಲೆಯನ್ನೆಲ್ಲ ಮೊಬೈಲ್ ಆ್ಯಪಿಗೆ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಕಿವಿಗೊಂದು ನಂಬರಿನ ಓಲೆ. ಆ ನಂಬರಿನಡಿ ಕರು ಹಾಕಿದ ದಿನ, ಲಸಿಕೆ, ಎರಡು ಹೊತ್ತಿನ ಹಾಲು. ತಿಂಗಳ ಕೊನೆಗೆ ಆ್ಯಪೇ ಹಸುಗಳನ್ನು ಹಾಲಿನ ಪ್ರಕಾರ ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸುತ್ತಿತ್ತು. ಬಾಯಿಲೆಕ್ಕ ಕೇಳಿ ಕೇಳಿ ಸಾಕಾಗಿದ್ದ ನನಗೆ ಅದು ಬಹಳ ಹಿಡಿಸಿತ್ತು.

ಚಾಚೂ ತಪ್ಪದೆ ಅದನ್ನು ತುಂಬುತ್ತಿದ್ದದ್ದು ಜಯಮ್ಮನವರ ಮನೆ. ಜಯಮ್ಮ ಮತ್ತು ಅವರ ವಾರಗಿತ್ತಿ ಸಾವಿತ್ರಿ ಒಂದೇ ಕೊಟ್ಟಿಗೆಯಲ್ಲಿ ತಲಾ ಮೂರು ಹಸು ನೋಡಿಕೊಳ್ಳುತ್ತಿದ್ದರು. ಅವರವರ ಹಸು ಅವರವರೇ ಕರೆಯಬೇಕು. ಜಯಮ್ಮ ಲೀಟರ್ ಎಷ್ಟೆಂದು ಕೂಗುತ್ತಿದ್ದರು, ಬಿ.ಕಾಂ. ಓದಿದ್ದ ಸಾವಿತ್ರಿ ಎಲ್ಲವನ್ನೂ ಮೊಬೈಲಿನಲ್ಲಿ ಒತ್ತುತ್ತಿದ್ದಳು.

ಕೊಟ್ಟಿಗೆಯ ಮುಂಭಾಗ ಒಡೆದು ಬಾಡಿಗೆ ಮನೆ ಕಟ್ಟಿಸಲು ಗಂಡಸರು ತೀರ್ಮಾನಿಸಿದಾಗ ಒಂದು ಹಸುವಿಗೆ ಜಾಗ ಇಲ್ಲದಾಯಿತು. ಯಾರದು ಹೋಗಬೇಕು? ಇಂಥ ಮಾತಿಗೇ ಮನೆ ಎರಡಾದದ್ದನ್ನು ನಾನು ಕಂಡಿದ್ದೇನೆ. ಇವರು ಜಗಳ ಆಡಲಿಲ್ಲ. ಆ್ಯಪಿನಲ್ಲಿ ಕೊನೆಗಿರುವುದು ಹೋಗಲಿ ಎಂದು ಇಬ್ಬರೂ ಒಪ್ಪಿದರು. ಭೇಷ್ ಅಂದೆ.

ಕೊನೆಗಿದ್ದದ್ದು ಗೌರಿ. ಅದೇ ಕೊಟ್ಟಿಗೆಯಲ್ಲಿ ಹುಟ್ಟಿ, ಜಯಮ್ಮನ ಕೈಯಲ್ಲೇ ಬೆಳೆದ ಹಸು. ದಿನಕ್ಕೆ ಒಂಬತ್ತು ಲೀಟರ್. ಅದರ ಮೇಲಿದ್ದದ್ದು ಸಾವಿತ್ರಿಯ ಒಂದು ಹಸು, ಹತ್ತೂವರೆ.

“ಒಂದ್ಸಲ ನೋಡ್ಬಿಡಿ ಸಾರ್, ಏನಾದ್ರೂ ಕಾಯಿಲೆ ಇದ್ಯಾ ಅಂತ,” ಅಂದರು ಜಯಮ್ಮ.

ನೋಡಿದೆ. ಕೆಚ್ಚಲು ಚೆನ್ನಾಗಿತ್ತು, ಮೇವಿಗೂ ಕೊರತೆಯಿರಲಿಲ್ಲ. ಹಾಗೇ ಹೇಳಿದೆ.

“ಹಂಗಾದ್ರೆ ಮಾತು ಮಾತೇ,” ಎಂದು ಒಳಗೆ ಹೋದರು. ತಾವರೆಕೆರೆ ಕಡೆಯವರೊಬ್ಬರು ಗೌರಿಯನ್ನೂ ಅದರ ಕರುವನ್ನೂ ಖರೀದಿಸಿ, ಟೆಂಪೊ ಹತ್ತಿಸಿಕೊಂಡು ಹೋದರು. ಆ ದಿನ ಜಯಮ್ಮ ಹೊರಗೇ ಬರಲಿಲ್ಲವಂತೆ.

ನಾನು ಅವರ ಮನೆಗೆ ಹೋಗುತ್ತಿದ್ದದ್ದು ಯಾವಾಗಲೂ ಹಾಲು ಕರೆದು ಮುಗಿದ ಮೇಲೆ. ಕೆಲವು ವಾರ ಕಳೆದು ಇನ್ನೊಂದು ಹಸುವಿಗೆ ಜ್ವರವೆಂದು ಬೆಳಿಗ್ಗೆಯೇ ಕರೆಸಿದರು. ಆಗ ಜಯಮ್ಮ ಪಕ್ಕದ ಹಸುವಿನ ಹಾಲು ಕರೆಯುತ್ತಿದ್ದರು. ಮೂರು ಮೊಲೆ ಕರೆದು, ನಾಲ್ಕನೆಯದನ್ನು ಮುಟ್ಟದೆ ಎದ್ದು, ಕರು ಬಿಚ್ಚಿದರು.

“ಅದೊಂದು ಯಾಕೆ ಬಿಟ್ರಿ?”

“ಅದು ಕರೂದಲ್ವಾ ಸಾರ್. ನಮ್ಮತ್ತೆ ಕಾಲದಿಂದ್ಲೂ ಹಂಗೇ.”

“ಗೌರಿಗೂ ಹೀಗೇ ಬಿಡ್ತಿದ್ರಾ?”

“ಎಲ್ಲಾದಕ್ಕೂ ಬಿಡ್ತೀನಿ.”

ಸಾವಿತ್ರಿ ನಾಲ್ಕನ್ನೂ ಕರೆದು, ಅಳತೆ ಒತ್ತಿದ ಮೇಲೆ ಕರುವಿಗೆ ಬಕೆಟ್ಟಿನಲ್ಲಿ ಕುಡಿಸುತ್ತಿದ್ದಳು. ಇಬ್ಬರ ಲೆಕ್ಕವೂ ಪ್ರಾಮಾಣಿಕವೇ. ಒಬ್ಬರದರಲ್ಲಿ ಕರುವಿನ ಪಾಲು ಸೇರಿತ್ತು, ಇನ್ನೊಬ್ಬರದರಲ್ಲಿ ಇರಲಿಲ್ಲ. ಸೇರಿಸಿದ್ದರೆ ಗೌರಿಯದು ಹನ್ನೆರಡರ ಹತ್ತಿರ ಬರುತ್ತಿತ್ತು. ಎಲ್ಲರ ಕಣ್ಣೆದುರೇ ನಡೆಯುತ್ತಿದ್ದ ರೂಢಿ. ಅದನ್ನೂ ಎಣಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಬ್ಬರಿಗೂ ಬಿಡಿಸಿ ಹೇಳಿದೆ.

ಸಾವಿತ್ರಿ ಅಲ್ಲೇ ನಿಂತು ತಾವರೆಕೆರೆಗೆ ಫೋನ್ ಮಾಡಿದಳು. “ಇಂಥ ಹಸೂನ ಯಾರಾದ್ರೂ ವಾಪಸ್ ಕೊಡ್ತಾರೇನಮ್ಮಾ?” ಅಂದರಂತೆ ಕೊಂಡವರು. “ಅಕ್ಕಾ, ನಂದೇ ಹೋಗ್ಬೇಕಿತ್ತು,” ಎಂದು ಸಾವಿತ್ರಿ ಅತ್ತಳು.

“ಬಿಡೇ, ನಾನ್ ಹೇಳಿದ್ದನ್ನೇ ತಾನೇ ನೀನ್ ಒತ್ತಿದ್ದು,” ಅಂದರು ಜಯಮ್ಮ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ನನ್ನನ್ನು ಚಿಂತೆ ಬಿಡಲಿಲ್ಲ. ಮೇಲಿನವರ ಬೆನ್ನು ಹತ್ತಿ, ‘ಕರು ಕುಡಿದದ್ದು’ ಎಂಬ ಕಾಲಂ ಸೇರಿಸುವಂತೆ ಮಾಡಿದೆ. ತೋರಿಸಲು ಉತ್ಸಾಹದಿಂದ ಹೋದರೆ ಜಯಮ್ಮ ನಾಲ್ಕನೇ ಮೊಲೆಯನ್ನೂ ಕರೆದು ಏಳುತ್ತಿದ್ದರು. ಕಟ್ಟಿದ್ದ ಕರು ಹಗ್ಗ ಜಗ್ಗುತ್ತಿತ್ತು.

“ಇನ್ಮೇಲೆ ಬಿಡಬಹುದು ಜಯಮ್ಮ, ಅದೂ ಲೆಕ್ಕಕ್ಕೆ ಬರುತ್ತೆ.”

“ಕರು ಎಷ್ಟು ಕುಡೀತು ಅಂತ ಹೆಂಗ್ ಸಾರ್ ಅಳೆಯೋದು?” ಅಂದರು. ನಾನು ಮೊಬೈಲ್ ಜೇಬಿಗಿಟ್ಟೆ. “ಬೇಡ ಬಿಡಿ. ಇನ್ನೊಂದು ಹಸು ಕಳ್ಕೊಳ್ಳೋ ಶಕ್ತಿ ನನಗಿಲ್ಲ.”

ನಿವೃತ್ತನಾದ ಮೇಲೂ ಹೊಸ ವೈದ್ಯರು ಬಂದು ಕೇಳಿದರೆ ಹೇಳುತ್ತೇನೆ: ಹಾಲು ಎಷ್ಟು ಎಂದು ಕೇಳುವ ಮೊದಲು ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತು ಹೇಗೆ ಕರೆಯುತ್ತಾರೆ ನೋಡಿ. ಗೌರಿ ಹೋದದ್ದಂತೂ ಹೋಯಿತು. ನಾವು ಅಳೆಯಲು ಹೋದದ್ದಕ್ಕೆ ಒಬ್ಬ ಹೆಂಗಸು ತನ್ನ ಅತ್ತೆಯಿಂದ ಕಲಿತದ್ದನ್ನು ಬಿಟ್ಟಳಲ್ಲ, ಆ ಸಂಕಟ ಇನ್ನೂ ಇದೆ. ಆ ಕೊಟ್ಟಿಗೆಯ ದಾಖಲೆ ಈಗ ಸರಿಯಾಗಿದೆ. ಕರುಗಳೆಲ್ಲ ಬಕೆಟ್ಟಿನಲ್ಲಿ ಕುಡಿಯುತ್ತವೆ.