ಮನಿ ಮುಟ್ಟಿಸಿದ ಕಥಿ

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಅದೂ ಮೊಮ್ಮಗಳ ಇಂಗ್ಲೀಷ್ ನೋಟಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ. ಅವಳಿಗೆ ಇನ್ನು ಅದು ಬೇಕಾಗಿಲ್ಲ.

ಆ ಮಧ್ಯಾಹ್ನ ನೆನೆದರೆ ನನಗೆ ಇವತ್ತಿಗೂ ಹಿಗ್ಗು ತಡೆಯುವುದಿಲ್ಲ. ಹಿಗ್ಗಬಾರದು ಅಂತ ಗೊತ್ತಿದೆ. ಗೊತ್ತಿದ್ದೂ ಹಿಗ್ಗುತ್ತೇನೆ. ಏನು ಮಾಡಲಿ?

ನಮ್ಮ ಪಡಸಾಲೆಯಲ್ಲಿ ನಾಲ್ಕು ಹುಡುಗಿಯರು ಕೂತಿದ್ದರು. ನನ್ನ ಮೊಮ್ಮಗಳು ಮತ್ತು ಅವಳ ಜೊತೆ ತಾಲೂಕಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಮೂವರು. ನಾನು ಬಾಜೂಕ್ಕೆ ಮೊರ ಇಟ್ಟುಕೊಂಡು ಕೆಂಪು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಅವರ ಮೇಡಂ ಅಮೆರಿಕಾದ ಹಳೇ ಸಣ್ಣ ಕಥೆಯೊಂದನ್ನು ಝೆರಾಕ್ಸ್ ಮಾಡಿಸಿ ಕೊಟ್ಟು, ಮಾತಾಡಿಕೊಳ್ಳಿ, ಆಮೇಲೆ ನಿಮ್ಮ ತಲೆಯಿಂದ ಬರೆದು ತನ್ನಿ ಎಂದಿದ್ದರಂತೆ. ಬೇಕಂತಲೇ ಗೈಡಿನಲ್ಲಿ, ಮೊಬೈಲಿನಲ್ಲಿ ಸಿಗದ ಕಥೆ ಆರಿಸಿದ್ದರು. ಮರುದಿನ ಬೆಳಗ್ಗೆ ಕೊಡಬೇಕಿತ್ತು.

ಉಳಿದ ಮೂವರಿಗೆ ಮಾರ್ಕ್ಸಿನ ಚಿಂತೆ ಇರಲಿಲ್ಲ. ನನ್ನ ಮೊಮ್ಮಗಳು ಹೋದ ವರ್ಷ ಅದೇ ಇಂಗ್ಲೀಷಿನಲ್ಲಿ ನಪಾಸಾಗಿ ಮತ್ತೆ ಕೂತವಳು. ಈ ಬರಹದ ಮಾರ್ಕ್ಸ್ ಕೂಡಿದರೆ ಮಾತ್ರ ದಾಟುತ್ತಿದ್ದಳು. ಅವಳಪ್ಪ, ಅಂದರೆ ನನ್ನ ಮಗ, ಖಡಕ್ಕಾಗಿ ಹೇಳಿಬಿಟ್ಟಿದ್ದ: "ಪಾಸಾದ್ರ ಧಾರವಾಡಕ್ಕ ಎಂ.ಎ.ಗೆ ಹಚ್ಚತೀನಿ. ಇಲ್ಲಂದ್ರ ಓದೂದು ಇಲ್ಲಿಗೇ ಸಾಕು." ಇಂಗ್ಲೀಷ್ ಮೇಡಂ ಆಗಬೇಕು ಅನ್ನುವುದು ಅವಳ ಆಸೆ. ಸಣ್ಣವಳಿದ್ದಾಗ ನಮ್ಮ ಎಮ್ಮೆಗೂ ಎ ಬಿ ಸಿ ಡಿ ಹೇಳಿಕೊಟ್ಟವಳು.

ಒಬ್ಬಳು ಇಂಗ್ಲೀಷಿನಲ್ಲಿ ಓದುತ್ತಿದ್ದಳು. ಮೊಮ್ಮಗಳು ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಅಗದಿ ಬಯಲು ಸೀಮೆ, ಒಂದೇ ಮನೆ, ಗಂಡ ಹೆಂಡತಿ. ಗಡಿಯಾರ ಕೆಟ್ಟಿದೆ. ಅದರ ಸಲುವಾಗಿ ಇಬ್ಬರೂ ಜಗಳಾಡುತ್ತಾರೆ. ಗಂಡ ಸಿಟ್ಟಿನಿಂದ ಗಡಿಯಾರ ಎತ್ತಿಕೊಂಡು ಕುದುರೆ ಹತ್ತಿ ಪೇಟೆಗೆ ಹೋಗುತ್ತಾನೆ. ಹಿಮ ಬೀಳುತ್ತದೆ. ಹೆಂಡತಿ ಬಾಗಿಲಿಗೆ ಬಂದು ಅಗಳಿಯ ಮೇಲೆ ಕೈ ಇಟ್ಟು ನಿಲ್ಲುತ್ತಾಳೆ.

"ಮುಂದ?" ಅಂದೆ.

"ಮುಗೀತು ಆಯಿ."

"ಮುಗೀತಂದ್ರ? ಗಂಡ ಬಂದನೋ ಇಲ್ಲೋ?"

"ಅದನ್ನ ಇದರಾಗ ಬರದಿಲ್ಲ."

"ಹಂಗಾದ್ರ ಹಾಳಿ ಬಿಟ್ಟೈತಿ, ನೋಡ್ರಿ ಬೇ! ಆ ಝೆರಾಕ್ಸಿನಾಂವ ನಮ್ಮ ಹೊಲದ ಉತಾರದಾಗೂ ಹಿಂಗ ಒಂದು ಹಾಳಿ ನುಂಗಿದ್ದ."

ಹುಡುಗಿಯರು ಹಾಳೆ ತಿರುವಿ ಹಾಕಿದರು. ಪುಟದ ಅಂಕಿಗಳು ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಮೇಡಂ ಹತ್ತಿರ ಇದ್ದದ್ದು ಒಂದೇ ಪುಸ್ತಕ, ಮೇಡಂ ಹುಬ್ಬಳ್ಳಿಗೆ ಹೋಗಿಯಾಗಿತ್ತು, ಫೋನು ಎತ್ತಲಿಲ್ಲ.

ನಮ್ಮ ಓಣಿಯಲ್ಲಿ ಒಂದು ರೀತಿ ಇದೆ. ಹೆಂಗಸರು ಕೈಕೆಲಸ ಮಾಡುತ್ತ ಕಥೆ ಹೇಳಿದರೆ, ಕಥೆಯೊಳಗೆ ಹೊರಗೆ ಹೋದವರನ್ನು ಮನಿ ಮುಟ್ಟಿಸಿಯೇ ಏಳಬೇಕು. ಅರ್ಧಕ್ಕೆ ಬಿಟ್ಟರೆ ನಮ್ಮ ಮನೆಯವರೂ ಹಾದಿಯಲ್ಲೇ ಉಳಿಯುತ್ತಾರೆ ಅನ್ನುತ್ತಿದ್ದಳು ನಮ್ಮವ್ವ. ನನಗೆ ಆ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ತೊಟ್ಟೂ ಮುರಿಯಲಾಗಲಿಲ್ಲ.

"ನಾ ಹೇಳತೀನಿ ಕೇಳ್ರಿ" ಅಂದೆ. "ಮೊದಲ ಕುದುರಿ ಬಂತು. ಬೆನ್ನ ಮ್ಯಾಲ ಯಾರೂ ಇಲ್ಲ. ಆಕಿ ಎದಿ ಝಲ್ ಅಂತು. ಆಮ್ಯಾಲ ನೋಡಿದ್ರ, ಗಂಡ ಹಿಂದ ನಡಕೋತ ಬರಾಕತ್ತಾನ, ಗಡಿಯಾರ ಅಂಗಿಯೊಳಗ ಕೂಸಿನಂಗ ಅವಚಿಕೊಂಡು. ಆಕಿ ಕಾಲಿಗೆ ಬಿಸಿನೀರು ಕೊಟ್ಟಳು. ಗಡಿಯಾರ ರಿಪೇರಿ ಆಗಿರಲಿಲ್ಲ. ಆಗದಿದ್ರ ಇರಲಿ, ಹಸಿವಾದಾಗ ಉಣ್ಣೂಣು ಅಂದಳು. ಕೂಡಿ ರೊಟ್ಟಿ ತಿಂದರು."

ಕನ್ನಡಕದ ಹುಡುಗಿ ನಕ್ಕಳು. "ಆಯಿ, ಅಮೆರಿಕಾದಾಗ ಕಾಲಿಗೆ ನೀರು ಕೊಡೂದಿಲ್ಲ."

"ಅದಕ್ಕ ಅವರ ಗಂಡಂದಿರು ಮನಿಗಿ ಬರೂದಿಲ್ಲ ನೋಡ."

ನಾಲ್ವರೂ ಬಿದ್ದು ಬಿದ್ದು ನಕ್ಕರು. ನಕ್ಕು ಸುಮ್ಮನಾದ ಮೇಲೆ ಮೊಮ್ಮಗಳು ನನ್ನನ್ನೇ ನೋಡುತ್ತ ಅಂದಳು: "ಆಯಿ ಹೇಳಿದ್ದ ಖರೆ ಇರಬೇಕಲೇ. ಹಾಳಿ ಬಿಟ್ಟೈತಿ. ಗಂಡ ಬರಲಾರದ ಎಲ್ಲಿ ಹೋಗತಾನ?"

ನಾಲ್ವರೂ ಬರೆದರು. ರೊಟ್ಟಿಗೆ ಬ್ರೆಡ್ ಅಂದರು, ಅಷ್ಟೇ ಫರಕು. ಬರೆದದ್ದನ್ನು ಮೊಮ್ಮಗಳು ಜೋರಾಗಿ ಓದಿ ತೋರಿಸಿದಳು. ನನ್ನ ಬಿಸಿನೀರು, ನನ್ನ ಕುದುರೆ ಇಂಗ್ಲೀಷಿನಲ್ಲಿ! ಹೆಬ್ಬೆಟ್ಟು ಒತ್ತಿದವರ ಮನೆಯಲ್ಲಿ ಹುಟ್ಟಿದ ನಾನು! ಎದ್ದು ಹೋಗಿ ಎಲ್ಲರಿಗೂ ಅವಲಕ್ಕಿ ಹಚ್ಚಿಕೊಟ್ಟೆ. ಖಾರದ ಕೈಯನ್ನು ಸರಿಯಾಗಿ ತೊಳೆದಿರಲಿಲ್ಲ. ಹಾ ಹಾ ಅನ್ನುತ್ತಲೇ ತಿಂದರು.

ಎಂಟು ದಿನಕ್ಕೆ ಹಾಳೆ ತಿರುಗಿ ಬಂತು. ನನ್ನ ಮಾತಿನ ಮೇಲೆಲ್ಲ ಕೆಂಪು ಗೆರೆ. ಕೆಳಗೆ ಸೊನ್ನೆ. ಕಥೆಯಲ್ಲಿ ಇಲ್ಲದ್ದನ್ನು ನಾಲ್ವರೂ ಒಂದೇ ತರಹ ಬರೆದಿದ್ದಾರೆ, ಓದದೆ ನಕಲು ಮಾಡಿದ್ದಾರೆ, ಅಂತ. ಹಾಳೆ ಬಿಟ್ಟಿರಲಿಲ್ಲ. ಕಥೆ ಅಲ್ಲಿಗೇ ಮುಗಿದಿತ್ತು.

ಮೊಮ್ಮಗಳು ಬೇಡ ಬೇಡ ಅಂದರೂ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಮೇಡಂ ಸಣ್ಣ ವಯಸ್ಸಿನವಳು, ಎದ್ದು ಕುರ್ಚಿ ಕೊಟ್ಟಳು.

"ತಪ್ಪು ನಂದ್ರಿ. ಸೊನ್ನಿ ನನಗ ಕೊಡ್ರಿ" ಅಂದೆ.

ಅವಳು ನಗಲಿಲ್ಲ. "ಅಜ್ಜಿ, ಆ ಬಾಗಿಲದಾಗ ನಿಂತಾಕಿ ಬಗ್ಗೇನ ಬರೀಬೇಕಿತ್ರಿ. ಬಂದನೋ ಇಲ್ಲೋ ಗೊತ್ತಿಲ್ಲದ ನಿಂತಾಳಲ್ಲ, ಅದ ಕಥಿ. ಮೊದಲ ಬಂದಿದ್ರ ನೋಡಬಹುದಿತ್ತು. ಮಾರ್ಕ್ಸ್ ಕಳಿಸಿಯಾಗೇತಿ, ಈಗ ನನ್ನ ಕೈಯಾಗ ಏನೂ ಇಲ್ರಿ."

"ನಿಮಗರೆ ಗೊತ್ತೈತೇನ್ರಿ, ಬಂದನೇನು?"

"ಇಲ್ರಿ ಅಜ್ಜಿ. ನನಗೂ ಗೊತ್ತಿಲ್ಲ."

ರಿಸಲ್ಟ್ ಬಂದಾಗ ಮೂವರು ದಾಟಿದರು. ಇವಳು ದಾಟಲಿಲ್ಲ. ನನ್ನ ಮಗ ಬೈಯಲಿಲ್ಲ. ಅವಳ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ಅಟ್ಟಕ್ಕೆ ಹಾಕಿದ, ಅಷ್ಟೇ. ಅವನಿಗೆ ನಾನು ಮೂರು ಸಲ ಹೇಳಿದೆ, ಇದು ನನ್ನಿಂದ ಆದದ್ದು ಅಂತ. "ಯಾರಿಂದ ಆದರೇನವ್ವಾ" ಅಂದ. ಮೂವರು ಹುಡುಗಿಯರು ಈಗ ನಮ್ಮ ಓಣಿಗೆ ಬರುವುದಿಲ್ಲ.

ಈಗ ಮೊಮ್ಮಗಳು ನನ್ನ ಜೊತೆ ಕೂತು ತೊಟ್ಟು ಮುರಿಯುತ್ತಾಳೆ. ನನಗಿಂತ ಚುರುಕು. ಒಮ್ಮೆಯೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಿನ್ನೆ ಮಧ್ಯಾಹ್ನ, ತಡೆಯಲಾರದೆ, "ಒಂದು ಕಥಿ ಹೇಳವ್ವಾ" ಅಂದೆ. ನಾಲ್ಕು ತೊಟ್ಟು ಮುರಿದಳು. ಆಮೇಲೆ ಅದೇ ಕಥೆ ಹಿಡಿದಳು. ಗಡಿಯಾರ, ಜಗಳ, ಕುದುರೆ, ಹಿಮ. ಎಷ್ಟು ಚೆಂದ ಹೇಳಿದಳೆಂದರೆ ನನ್ನ ಕೈ ನಿಂತಿತು. ಇಂಥವಳು ನಾಲ್ಕು ಮಂದಿಗೆ ಕಲಿಸಬೇಕಾಗಿತ್ತು. ಹೆಂಡತಿ ಬಾಗಿಲಿಗೆ ಬಂದಳು. ಅಗಳಿಯ ಮೇಲೆ ಕೈ ಇಟ್ಟಳು.

ಅಲ್ಲಿಗೆ ಬಿಟ್ಟು ಅವಳು ಇನ್ನೊಂದು ಹಿಡಿ ಮೆಣಸಿನಕಾಯಿ ಮುಂದಕ್ಕೆ ಎಳೆದುಕೊಂಡಳು.

ಕುದುರೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಹೂಂ ಅಂದೆ.