ಮರಳುಗಾಡಿಗೆ ಹೋದ ಕೈಗುಣ

ನಾನು ಮರಳುಗಾಡಿಗೆ ಹೋಗಬೇಕೆಂದುಕೊಂಡಿದ್ದು ಅಲ್ಲಿ ಸೊಪ್ಪು ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಸಾಹಸ, ದೇಶ ಸುತ್ತುವುದು ಇವೆಲ್ಲ ಆಮೇಲೆ ಕೇಳಿದವರಿಗೆ ಕೊಟ್ಟ ಉತ್ತರಗಳು. ದಿಬ್ಬೂರಹಳ್ಳಿ ಪಕ್ಕದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹೆಚ್ಚಿ ತಟ್ಟೆಗಳಿಗೆ ಹರಡಬೇಕು. ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವಿನ ಮುಂದೆ ಮದುವೆ, ಹಬ್ಬ, ಪರೀಕ್ಷೆ ಯಾವುದೂ ಲೆಕ್ಕಕ್ಕಿಲ್ಲ. ನನ್ನ ಬಿ.ಎಸ್ಸಿ. ಕೊನೆಯ ವರ್ಷದ ಪುಸ್ತಕಗಳ ಹಾಳೆಗಳಲ್ಲೆಲ್ಲ ಸೊಪ್ಪಿನ ಹಸಿರು ಕಲೆಗಳಿದ್ದವು.

ಆದರೆ ನನ್ನನ್ನು ಕಟ್ಟಿಹಾಕಿದ್ದು ಕೆಲಸವಲ್ಲ, ಹೆಸರು. ಊಜಿ ನೊಣ ನಮ್ಮ ಸೀಮೆಗೆ ಹೊಸದಾಗಿ ಕಾಲಿಟ್ಟ ಕಾಲ ಅದು. ಆ ನೊಣ ಮೈಮೇಲೆ ಮೊಟ್ಟೆಯಿಟ್ಟರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತಿತ್ತು. ಊರಲ್ಲಿ ಎಲ್ಲರ ಬೆಳೆಯೂ ಕೆಟ್ಟ ಆ ಸಲ ನಮ್ಮದು ಮಾತ್ರ ಉಳಿಯಿತು. ಅಮ್ಮನ ಕೈಮೇಲೆ ಗಂಜಿ ಚೆಲ್ಲಿ ಬೊಬ್ಬೆ ಎದ್ದಿದ್ದರಿಂದ ಮರಿಹುಳುಗಳಿಗೆ ಮೊದಲ ಸೊಪ್ಪು ಉದುರಿಸಿದವನು ನಾನು. ಆಗ ನನಗೆ ಹದಿನಾರು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ನಿಮ್ಮ ಹುಡುಗನ್ದು ಕೈಗುಣ ಕಣಮ್ಮ" ಅಂದಳು. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಅಪ್ಪ ಎಲ್ಲರಿಗಿಂತ ಮೊದಲೇ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಹೊಡೆಸಿದ್ದರು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಅಪ್ಪನೂ ಸಹ.

ಅಂದಿನಿಂದ ನಮ್ಮ ಮನೆಗೆ ಮೊಟ್ಟೆ ಹಾಳೆ ಬಂದರೆ ನಾನಿರಬೇಕು. ಚಿಕ್ಕಪ್ಪನ ಮನೆಗೆ ಬಂದರೆ ನಾನಿರಬೇಕು. ಬೀದಿಯ ಇನ್ನೂ ನಾಲ್ಕು ಮನೆಯವರು ಬಂದು ಕರೆಯುತ್ತಿದ್ದರು. ನಾನು ಹೋಗಿ ನಾಲ್ಕು ಚಿಟಿಕೆ ಸೊಪ್ಪು ಉದುರಿಸಿ, ಕಾಫಿ ಕುಡಿದು, ದೊಡ್ಡ ಮನುಷ್ಯನ ಹಾಗೆ ಬರುತ್ತಿದ್ದೆ. ಬೀದರಿನಲ್ಲಿ ಗುಮಾಸ್ತೆ ಕೆಲಸಕ್ಕೆ ಕರೆ ಬಂದಾಗ ಅಮ್ಮ ಬೇಡ ಅನ್ನಲಿಲ್ಲ. "ನಿನ್ನ ಇಷ್ಟ ಕಣಪ್ಪ" ಎಂದು ಹೇಳಿ ತಟ್ಟೆಗಳ ಕಡೆ ನೋಡಿದಳು. ಆ ನೋಟ ಸಾಕಾಯಿತು. ಬೈದಿದ್ದರೆ ಹಟ ಮಾಡಿಯಾದರೂ ಹೋಗುತ್ತಿದ್ದೆ.

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಕಾಲೇಜು ಸ್ನೇಹಿತನ ಸೈಕಲ್ ಅಂಗಡಿ ಇತ್ತು. ಪಿಯುಸಿಗೆ ಓದು ಬಿಟ್ಟು ತಂದೆಯ ಅಂಗಡಿಯಲ್ಲಿ ಕೂತವನು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಅವನ ಪಂಕ್ಚರ್ ನೀರಿನ ಬಾಣಲೆಯ ಪಕ್ಕ ಕೂತು ಒಂದು ದಿನ ಶಾಲೆಯ ಹಳೆಯ ಅಟ್ಲಾಸ್ ತಿರುವುತ್ತಿದ್ದೆ. ರಾಜಸ್ಥಾನದ ಮೇಲೆ ಬರೀ ಚುಕ್ಕೆಗಳಿದ್ದವು. ಇಲ್ಲಿಗೆ ಸೈಕಲ್ ಮೇಲೆ ಹೋಗಬಹುದೇ ಎಂದು ಕೇಳಿದೆ. ಅವನು ಕೈ ಒರೆಸಿಕೊಂಡು ಪುಟ ನೋಡಿದ. "ರಸ್ತೆ ಮೇಲಾ, ಮರಳ ಮೇಲಾ?" ಅಂದ. ಮರಳ ಮೇಲೆ ಅಂದೆ. "ಹಂಗಾದ್ರೆ ಬರ್ತೀನಿ" ಅಂದ.

ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಡಾಂಬರು ರಸ್ತೆ ಬಿಟ್ಟು ಒಂಟೆ ದಾರಿಗಳಲ್ಲೇ ಹೋಗುವುದು ಎಂದು ತೀರ್ಮಾನವಾಯಿತು. ತಯಾರಿಗೆ ಮೂರು ವರ್ಷ ಹಿಡಿಯಿತು. ಸಿದ್ಧತೆ ಮುಗಿದಿದ್ದು ಮೊದಲ ವರ್ಷವೇ, ಮಿಕ್ಕ ಎರಡು ವರ್ಷ ನನ್ನಿಂದ ಹೊರಡಲಾಗಲಿಲ್ಲ. ಪ್ರತಿ ಚಳಿಗಾಲವೂ ನಾನು ಚಿಂತಾಮಣಿಗೆ ಹೋಗಿ ಮುಂದಿನ ಬೆಳೆ ಆದಮೇಲೆ ಎಂದು ಹೇಳಿ ಬರುತ್ತಿದ್ದೆ. ಅವನು ತಲೆಯೆತ್ತದೆ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಅಭ್ಯಾಸಕ್ಕೆ ಗೌರಿಬಿದನೂರಿನ ಹತ್ತಿರ ಒಣಗಿದ ಹೊಳೆಯ ಮರಳಿಗೆ ಹೋದೆವು. ನಾನು ಸೊಪ್ಪಿನ ಹೊರೆ ಕಟ್ಟಿ ಅಭ್ಯಾಸವಿದ್ದವನು. ಸಾಮಾನನ್ನೆಲ್ಲ ಹಿಂದಿನ ಕ್ಯಾರಿಯರ್ ಮೇಲೆ ಎದೆಯೆತ್ತರ ಪೇರಿಸಿ ಹಗ್ಗ ಬಿಗಿದೆ. ಮರಳಿಗೆ ಇಳಿದ ಮರುಗಳಿಗೆ ಮುಂದಿನ ಚಕ್ರ ಮೇಲೆದ್ದು ನಾನು ಹಿಂದಕ್ಕೆ ಬಿದ್ದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಕ್ಕರು. ಸ್ನೇಹಿತ ಹಳೆಯ ಟಾರ್ಪಾಲಿನಲ್ಲಿ ನಾಲ್ಕು ಚೀಲ ಹೊಲಿಸಿ, ಎರಡನ್ನು ಮುಂದಿನ ಚಕ್ರದ ಎರಡೂ ಬದಿಗೆ ನೇತುಹಾಕಿದ. ಟ್ಯೂಬಿಗೂ ಟೈರಿಗೂ ನಡುವೆ ಹಳೆಯ ಟೈರಿನ ಪಟ್ಟಿ ಕೊಯ್ದು ಇಟ್ಟ, ಮುಳ್ಳು ತಡೆಯಲಿ ಎಂದು. ಗಾಳಿ ಅರ್ಧ ಇಳಿಸಿದರೆ ಚಕ್ರ ಮರಳಲ್ಲಿ ಹೂತುಕೊಳ್ಳುವುದಿಲ್ಲ ಎಂಬುದನ್ನೂ ಅಲ್ಲೇ ಕಂಡುಕೊಂಡೆವು. ಊಟಕ್ಕೆ ಹುರಿಹಿಟ್ಟು, ಬೆಲ್ಲ. ನೀರಿಗೆ ಎಣ್ಣೆಯ ಖಾಲಿ ಕ್ಯಾನುಗಳು, ಎಷ್ಟು ತೊಳೆದರೂ ಕಡಲೆಕಾಯಿ ಎಣ್ಣೆ ವಾಸನೆ.

ಮೂರನೇ ವರ್ಷ ಅವನೇ ಹೋಗಿ ಇಬ್ಬರಿಗೂ ರೈಲಿನಲ್ಲಿ ಸೀಟು ಮಾಡಿಸಿ ಬಂದ. ನಮ್ಮ ಮನೆಯ ಮೊಟ್ಟೆ ಒಡೆಯುವುದು ರೈಲು ಹೊರಟ ಎರಡು ದಿನಕ್ಕೆ. ಆ ಬೆಳೆ ಅಂತಿಂಥದ್ದಲ್ಲ, ತಂಗಿಯ ಮದುವೆ ಅದರ ಮೇಲೆ ನಿಂತಿತ್ತು.

"ಮೊದಲ ಸೊಪ್ಪು ಹಾಕಿ ಹೋಗಪ್ಪ. ಎರಡೇ ದಿನ" ಅಂದಳು ಅಮ್ಮ.

"ರೈಲು ಕಾಯಲ್ಲ ಅಮ್ಮ."

ಚಿಕ್ಕಮ್ಮ ಬಾಗಿಲವರೆಗೆ ಬಂದು, "ಹೋಗ್ಲಿ ಬಿಡಕ್ಕ, ಕಟ್ಟಿಹಾಕಿದ್ರೆ ಹಗ್ಗಾನೇ ಕಚ್ತಾನೆ ಇವನು" ಅಂದಳು. ನಾನು ನಗಲಿಲ್ಲ. ಚಿಕ್ಕಬಳ್ಳಾಪುರದವರೆಗೂ ಬಸ್ಸಿನ ಕಿಟಕಿಯಿಂದ ಹೊರಗೆ ನೋಡದೆ ಕೂತೆ, ಇಳಿದು ವಾಪಸ್ ಹೋಗಿಬಿಡುತ್ತೇನೇನೋ ಎಂಬ ಭಯದಿಂದ.

ರೈಲು ಬದಲಿಸಿ ಬದಲಿಸಿ ನಾಲ್ಕನೇ ದಿನ ಜೋಧ್‌ಪುರ ಮುಟ್ಟಿದೆವು. ಮರಳುಗಾಡು ನಾನಂದುಕೊಂಡ ಹಾಗೆ ಇರಲಿಲ್ಲ. ತುಳಿಯುವುದಕ್ಕಿಂತ ತಳ್ಳಿದ್ದೇ ಹೆಚ್ಚು. ದಿನಕ್ಕೆ ಐದಾರು ಪಂಕ್ಚರ್. ಮಧ್ಯಾಹ್ನದ ಬಿಸಿಲಿಗೆ ಸೈಕಲ್ಲಿನ ಹಿಡಿಕೆ ಮುಟ್ಟಲಾಗದು, ಬೆಳಗಿನ ಚಳಿಗೆ ಅದೇ ಹಿಡಿಕೆ ಬೆರಳು ಕೊರೆಯುತ್ತದೆ. ಆದರೂ ಮೊದಲ ಮೂರು ದಿನ ನನಗೆ ಹುಚ್ಚು ಸಂತೋಷ. ಎತ್ತ ತಿರುಗಿದರೂ ಹಸಿರಿಲ್ಲ, ಯಾರೂ ನನ್ನನ್ನು ಕರೆಯುವವರಿಲ್ಲ.

ಸೈಕಲ್ ಹತ್ತಿದ ಆರನೇ ದಿನ ಒಂದು ಹಟ್ಟಿಯ ಹತ್ತಿರ ನೀರು ಕೇಳಲು ನಿಂತೆವು. ಮುದುಕನೊಬ್ಬ ಖೇಜ್ರಿ ಮರ ಹತ್ತಿ ಆಡುಗಳಿಗೆ ರೆಂಬೆ ಕಡಿದು ಹಾಕುತ್ತಿದ್ದ. ಸ್ನೇಹಿತ ಅವನ ಜೊತೆ ಮಾತಾಡಿ ನೀರು ತುಂಬಿಸಿಕೊಂಡು ಬರುವ ಹೊತ್ತಿಗೆ ನಾನು ಮರದಡಿ ಕುಕ್ಕರಗಾಲಲ್ಲಿ ಕೂತು ರೆಂಬೆ ಸವರಿ, ಎಳೆ ಸೊಪ್ಪು ಒಂದು ಗುಡ್ಡೆ, ಬಲಿತ ಸೊಪ್ಪು ಒಂದು ಗುಡ್ಡೆ ಮಾಡುತ್ತಿದ್ದೆ. ಯಾವಾಗ ಕೂತೆನೋ ನನಗೇ ಗೊತ್ತಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾವಿರ ಮೈಲಿ ದಾಟಿ ಬಂದು ಸೊಪ್ಪು ಆಯ್ತಾ ಇದೀಯಲ್ಲೋ!" ನನಗೆ ಅಳು ಬಂತು. ಬೆರಳು ಬೆರಳಿಗೂ ಆ ಮನೆ ಅಂಟಿಕೊಂಡಿತ್ತು.

ಅಲ್ಲಿಂದಾಚೆಗೆ ನಾನು ಮರಳಿನ ಮೇಲಿದ್ದೆ ಅಷ್ಟೇ. ಬೆಳಿಗ್ಗೆ ಎದ್ದರೆ ಲೆಕ್ಕ: ಇವತ್ತು ಎರಡನೇ ಜ್ವರ ಎದ್ದಿರುತ್ತವೆ, ಇವತ್ತು ಮೂರನೇದಕ್ಕೆ ಕೂತಿರುತ್ತವೆ. ನೊಣವೊಂದು ಬೆಲ್ಲದ ಮೇಲೆ ಕೂತರೆ ಮನೆಯ ಪರದೆಯಲ್ಲಿ ತೂತು ಬಿದ್ದಿದೆ ಅನ್ನಿಸುತ್ತಿತ್ತು. ಕೈಗುಣವೆಂಬುದೆಲ್ಲ ಸುಳ್ಳು ಎಂದು ವಿಜ್ಞಾನ ಓದಿದ ನಾನೇ ಹತ್ತು ಸಲ ವಾದಿಸಿದ್ದೆ. ಆದರೆ ಅದು ನಿಜವೇ ಆಗಿದ್ದು, ನಾನಿಲ್ಲದೆ ತಂಗಿಯ ಮದುವೆಯ ಬೆಳೆ ಸತ್ತುಹೋದರೆ ಎಂಬ ಯೋಚನೆ ಚಕ್ರದ ಜೊತೆಗೇ ತಿರುಗುತ್ತಿತ್ತು. ಸ್ನೇಹಿತ ಒಂದು ದಿನ ರೇಗಿದ. "ಅವು ಬದುಕಿದ್ರೂ ಸತ್ರೂ ಇಲ್ಲಿಂದ ನೀನೇನು ಕೀಳ್ತೀಯಾ? ಮುಂದೆ ನೋಡ್ಕೊಂಡು ತುಳಿ."

ಹದಿನೈದನೇ ದಿನ ನಮ್ಮ ದಾರಿ ಡಾಂಬರು ರಸ್ತೆಯನ್ನು ದಾಟುವ ಜಾಗ ಬಂತು. ಜೈಸಲ್ಮೇರ್‌ಗೆ ಇನ್ನು ಮೂರೇ ದಿನ. ಚಹಾ ಅಂಗಡಿಯವನು, ಜೋಧ್‌ಪುರದ ಬಸ್ಸು ಈಗ ಬರುತ್ತದೆ ಎಂದ. ಅಂದು ನಾಲ್ಕನೇ ಜ್ವರ ಏಳುವ ದಿನ. ನಾನು ಚೀಲಗಳನ್ನು ಬಿಚ್ಚತೊಡಗಿದೆ.

"ಮೂರು ದಿನ ಕಣೋ" ಅಂದ ಸ್ನೇಹಿತ. "ಮೂರು ವರ್ಷ ಕಾದಿದ್ದೀನಿ ನಿನಗೋಸ್ಕರ."

"ನಾನಿಲ್ದೆ ಆಗಲ್ಲ ಅಲ್ಲಿ."

ಅವನು ನನ್ನ ಮುಖ ನೋಡಿದ. ಆಮೇಲೆ ತಾನೇ ನನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಹತ್ತಿಸಿ ಕಟ್ಟಿದ. "ಹೋಗು. ನಿನ್ನ ಹುಳುಗಳು ಹೆಸರು ಹಿಡಿದು ಕರೀತಾ ಇರ್ತವೆ." ಹಿಂದಿನ ಗಾಜಿನಲ್ಲಿ ಅವನು ಒಬ್ಬನೇ ಸೈಕಲ್ ತಳ್ಳಿಕೊಂಡು ಮರಳಿಗೆ ಇಳಿಯುವುದು ಕಾಣಿಸಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಇಳಿಯಲಿಲ್ಲ.

ಸೀಟಿಲ್ಲದ ಬೋಗಿಗಳಲ್ಲಿ ನಿಂತು, ಕೂತು, ಒಂದು ವಾರದ ಮೇಲೆ ಪೆರೇಸಂದ್ರದಲ್ಲಿ ಬಸ್ಸಿಳಿದು ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದೆ. ಸೈಕಲ್ಲನ್ನು ಗೋಡೆಗೆ ಎಸೆದು ಹುಳುಮನೆಗೆ ಓಡಿದೆ. ಹೊರಗಿನಿಂದ ಬಂದವರು ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಪರದೆಯ ಆಚೆಯೇ ನಿಂತು ಇಣುಕಿದೆ.

ಹುಳುಗಳು ಹಣ್ಣಾಗಿದ್ದವು. ತಟ್ಟೆ ತಟ್ಟೆಯಲ್ಲೂ ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಮನೆಮಂದಿಯೆಲ್ಲ ಅವನ್ನು ಆಯ್ದು ಬಿದಿರಿನ ಚಂದ್ರಿಕೆಗಳಿಗೆ ಬಿಡುತ್ತಿದ್ದರು. ಅಷ್ಟು ಒಳ್ಳೆಯ ಬೆಳೆಯನ್ನು ನನ್ನ ಕೈ ತಾಗಿದ ಯಾವ ವರ್ಷವೂ ನಾನು ನೋಡಿರಲಿಲ್ಲ. ಅವರ ನಡುವೆ ಚಿಕ್ಕಮ್ಮ, ಸೀರೆಯ ಮೇಲೆ ನನ್ನ ನೀಲಿ ಗೀರಿನ ಹಳೇ ಅಂಗಿ ತೊಟ್ಟುಕೊಂಡು, ತೋಳು ಮಡಚಿಕೊಂಡು ನಿಂತಿದ್ದಳು.

ಅಮ್ಮ ಬಾಗಿಲ ಹತ್ತಿರ ಬಂದಳು. ಮುಖದ ತುಂಬಾ ನಗು. "ನಿನ್ನ ಅಂಗಿ ತೊಟ್ಕೊಂಡು ಇವಳೇ ಮೊದಲ ಸೊಪ್ಪು ಹಾಕಿದ್ಲು ಕಣಪ್ಪ. ಬೀದಿಯೋರೂ ಅದನ್ನೇ ಇಸ್ಕೊಂಡು ಹೋಗಿ ಹಾಕ್ಕೊಂಡ್ರು. ಎಲ್ಲರದೂ ಚೆನ್ನಾಗಾಯ್ತು. ಯಾಕೆ ಇಷ್ಟು ಸೊರಗಿದ್ದೀಯ? ಇನ್ನೂ ನಾಲ್ಕು ದಿನ ಇದ್ದು ಬರಬಹುದಾಗಿತ್ತಲ್ಲ."

ತಂಗಿಯ ಮದುವೆ ನಿಲ್ಲುವುದಿಲ್ಲ ಎಂಬ ಸಮಾಧಾನ ನನಗೆ ಆಗಲೇಬೇಕಿತ್ತು. ಆಗಿದ್ದು ಹೊಟ್ಟೆಕಿಚ್ಚು. ಇನ್ನು ಬೀದರಿಗೂ ಹೋಗಬಹುದಿತ್ತು, ಜೈಸಲ್ಮೇರ್‌ಗೂ ಹೋಗಬಹುದಿತ್ತು, ಅಂಗಿಯೊಂದನ್ನು ಗೂಟಕ್ಕೆ ಹಾಕಿಟ್ಟರೆ ಸಾಕಿತ್ತು. ನಾನು ಸ್ನಾನ ಮಾಡಿ ಬಂದೆ, ಕಾಲು ತೊಳೆದುಕೊಂಡು ಪರದೆ ಸರಿಸಿ ಒಳಗೆ ಹೋದೆ.

"ಅಂಗಿ ಬಿಚ್ಚಿಕೊಡು ಚಿಕ್ಕಮ್ಮ" ಅಂದೆ.

ಅವಳು ಬಿಚ್ಚಿಕೊಟ್ಟಳು. ನಾನು ಅದನ್ನು ತೊಟ್ಟುಕೊಂಡು, ಗುಂಡಿ ಹಾಕಿಕೊಂಡು, ಹಣ್ಣಾದ ಹುಳು ಆಯುತ್ತಾ ಕೂತೆ.